ಮರದ ಪೀಠೋಪಕರಣಗಳ ಬಾಳಿಕೆ ಮತ್ತು ಮೌಲ್ಯ: ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಿತ್ತಿಲಿನಲ್ಲಿ ಹಾಗೂ ಜಮೀನಿನ ಬದುಗಳಲ್ಲಿ ಬೆಳೆದ ತೇಗ, ಹಲಸು, ಹೊನ್ನೆ ಮುಂತಾದ ಮರಗಳಿಂದ ಮಂಚ, ಮೇಜು, ಬೀರು, ಬಾಗಿಲುಗಳನ್ನು ಮಾಡಿಸಿಕೊಳ್ಳುವುದು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿಯಾಗಿದೆ. ಆದರೆ ಮದುವೆ, ಗೃಹಪ್ರವೇಶಗಳ ಅವಸರದಲ್ಲಿ ಎರಡು ಬಗೆಯ ನಷ್ಟಗಳು ಉಂಟಾಗುತ್ತವೆ. ಹಸಿ ಹಲಗೆಯಲ್ಲಿ ಮಾಡಿಸಿದ ಸಾಮಾನು ಮೊದಲ ಬೇಸಿಗೆಯಲ್ಲಿಯೇ ಬಿರುಕು ಬಿಡುವುದು ಒಂದು. ಅನುಮತಿ ಹಾಗೂ ರಹದಾರಿ ಇಲ್ಲದ ಕಾರಣ ಸ್ವಂತ ಮರವೇ ಜಪ್ತಿಗೆ ಒಳಗಾಗುವುದು ಇನ್ನೊಂದು. ಇವೆರಡನ್ನೂ ತಪ್ಪಿಸಿಕೊಳ್ಳಲು ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಬಾಳಿಕೆಯನ್ನು ಅಳೆಯುವ ಕ್ರಮ

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು (ಸ್ಥಾಪನೆ 1906) ಮರಗಳ ಸಹಜ ಬಾಳಿಕೆಯನ್ನು ಮಣ್ಣಿನಲ್ಲಿ ಹೂತು ಪರೀಕ್ಷಿಸುವ ಕ್ರಮವನ್ನು ಅನುಸರಿಸುತ್ತದೆ. ಸುಮಾರು 60 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಹಾಗೂ 5 ಸೆಂ.ಮೀ. ದಪ್ಪದ ಗೂಟಗಳನ್ನು ಅರ್ಧದಷ್ಟು ನೆಲದಲ್ಲಿ ಹೂತು, ಗೆದ್ದಲು ಮತ್ತು ಶಿಲೀಂಧ್ರಗಳಿಗೆ ಅವು ಎಷ್ಟು ಕಾಲ ತಡೆಯೊಡ್ಡುತ್ತವೆ ಎಂಬುದನ್ನು ಗುರುತಿಸಲಾಗುತ್ತದೆ. ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದವು ಒಂದನೆಯ ದರ್ಜೆ. 60ರಿಂದ 120 ತಿಂಗಳು ಉಳಿದವು ಎರಡನೆಯ ದರ್ಜೆ. 60 ತಿಂಗಳಿಗಿಂತ ಕಡಿಮೆ ಉಳಿದವು ಮೂರನೆಯ ದರ್ಜೆ. ತೇಗ, ಬೀಟೆ ಮತ್ತು ಹೊನ್ನೆಯ ಚೇಗು ಒಂದನೆಯ ದರ್ಜೆಗೆ ಸೇರಿದರೆ, ಮಾವು ಮೂರನೆಯ ದರ್ಜೆಗೆ ಸೇರುತ್ತದೆ.

ಇದು ಹಸಿ ನೆಲದ ಪರೀಕ್ಷೆಯಾಗಿರುತ್ತದೆ. ಮನೆಯೊಳಗೆ, ನೀರು ತಾಗದ ಸ್ಥಳದಲ್ಲಿರುವ ಪೀಠೋಪಕರಣವು ಇದರ ಅನೇಕ ಪಟ್ಟು ಕಾಲ ಉಳಿಯುತ್ತದೆ. ಮಲೆನಾಡಿನ ಹಳೆಯ ಮನೆಗಳ ಕಂಬ, ತೊಲೆ, ಮುಚ್ಚಿಗೆಗಳು ಮೂರು ನಾಲ್ಕು ತಲೆಮಾರುಗಳ ನಂತರವೂ ಗಟ್ಟಿಯಾಗಿರುವುದನ್ನು ಈ ಭಾಗದ ಜನರು ಬಲ್ಲರು.

3. ಚೇಗು ಮತ್ತು ಬಿಳಿ ಭಾಗ

ಮರದ ಒಳಗಿನ ಗಾಢ ಬಣ್ಣದ ಭಾಗವೇ ಚೇಗು. ತೊಗಟೆಗೆ ಹೊಂದಿಕೊಂಡ ಬಿಳಿ ಭಾಗದಲ್ಲಿ ಪಿಷ್ಟದ ಅಂಶವಿರುವುದರಿಂದ ಮರ ಕೊರೆಯುವ ಹುಳುಗಳು ಅದನ್ನು ಬೇಗನೆ ಹಿಟ್ಟುಮಾಡುತ್ತವೆ. ತೇಗದ ಬಾಳಿಕೆಯ ಖ್ಯಾತಿಯು ಅದರ ಚೇಗಿಗೆ ಮಾತ್ರ ಸಲ್ಲುತ್ತದೆ. ಗೆದ್ದಲನ್ನು ದೂರವಿಡುವ ರಾಸಾಯನಿಕ ಅಂಶಗಳು ಇರುವುದು ಚೇಗಿನಲ್ಲಿಯೇ. ಎಳೆಯ ತೇಗದಲ್ಲಿ ಬಿಳಿ ಭಾಗವು ಹೆಚ್ಚಾಗಿರುವುದರಿಂದ, ಬಣ್ಣ ಬಳಿಯುವ ಮುನ್ನವೇ ಹಲಗೆಗಳನ್ನು ಪರಿಶೀಲಿಸುವುದು ಸೂಕ್ತ.

4. ಓಕ್ ಎಂಬ ಹೆಸರಿನ ಬಗ್ಗೆ

ನಗರದ ಅಂಗಡಿಗಳಲ್ಲಿ ಓಕ್ ಮರದ ಸಾಮಾನುಗಳು ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದ್ದು, ಈ ಕುರಿತು ಮೂರು ಅಂಶಗಳನ್ನು ಗಮನಿಸತಕ್ಕದ್ದು.

(ಅ) ಓಕ್ ತಂಪು ಪ್ರದೇಶದ ಮರ. ಪಶ್ಚಿಮ ಘಟ್ಟದಲ್ಲಿ ಇದು ಸಹಜವಾಗಿ ಬೆಳೆಯುವುದಿಲ್ಲ. ಉತ್ತಮ ಮರವೇ ಆದರೂ ಯುರೋಪಿನ ಬಾಳಿಕೆ ವರ್ಗೀಕರಣದಲ್ಲಿ ಅಲ್ಲಿನ ಓಕ್ ತೇಗಕ್ಕಿಂತ ಒಂದು ದರ್ಜೆ ಕೆಳಗಿದೆ. ಒಣಗುವಾಗ ತೇಗಕ್ಕಿಂತ ಹೆಚ್ಚು ಕುಗ್ಗುತ್ತದೆ.

(ಆ) ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಬೇರೆಯೇ ಕುಲದ ಮರ. ಇದಕ್ಕೆ ಓಕ್‌ನ ಬಾಳಿಕೆ ಇರುವುದಿಲ್ಲ.

(ಇ) 'ಓಕ್ ಫಿನಿಶ್' ಎಂದರೆ ಸಾಮಾನ್ಯವಾಗಿ ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಮೇಲೆ ಓಕ್ ಬಣ್ಣದ ಹಾಳೆ ಅಂಟಿಸಿದ್ದು ಎಂದರ್ಥ. ಮಳೆಗಾಲದ ತೇವಕ್ಕೆ ಇಂತಹ ಹಲಗೆ ಉಬ್ಬಿದಲ್ಲಿ ಮತ್ತೆ ಸರಿಪಡಿಸಲು ಬರುವುದಿಲ್ಲ. ಇಡೀ ಮರದ ಸಾಮಾನನ್ನು ಉಜ್ಜಿ, ಕೀಲು ಬಿಚ್ಚಿ, ತುಂಡು ಬದಲಿಸಿ ಪುನಃ ಬಳಸಬಹುದು. ಇದರ ಮೌಲ್ಯ ಉಳಿಯಲು ಮುಖ್ಯ ಕಾರಣವೂ ಇದೇ ಆಗಿದೆ.

5. ಹಲಗೆ ಒಣಗಿಸುವುದು

ಹಸಿ ಮರದಲ್ಲಿ ಅದರ ಒಣ ತೂಕದ ಅರ್ಧಕ್ಕೂ ಮಿಕ್ಕಿ ನೀರಿರಬಹುದು. ಪೀಠೋಪಕರಣಕ್ಕೆ ಇದು ಸುಮಾರು ಶೇ. 12ಕ್ಕೆ ಇಳಿಯಬೇಕು. ಮರವು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವ ಪ್ರಮಾಣವು ತಿರುಳಿನಿಂದ ಹೊರಕ್ಕಿರುವ ದಿಕ್ಕಿನ ಸುಮಾರು ಎರಡರಷ್ಟಿರುತ್ತದೆ. ಹಸಿ ಹಲಗೆ ಬಾಗುವುದಕ್ಕೂ ಸೀಳುವುದಕ್ಕೂ ಇದೇ ಕಾರಣ.

ಹಲಗೆಗಳನ್ನು ನೆಲದಿಂದ ಎತ್ತರಿಸಿ, ನೆರಳಿನಲ್ಲಿ, ನಡುನಡುವೆ ಸಮ ದಪ್ಪದ ಅಡ್ಡಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸತಕ್ಕದ್ದು. ತುದಿಗಳು ಬೇಗ ಒಣಗಿ ಸೀಳದಂತೆ ಅವುಗಳಿಗೆ ಬಣ್ಣ ಅಥವಾ ಮೇಣ ಬಳಿಯಬೇಕು. ಒಂದು ಅಂಗುಲದ ಹಲಗೆಗೂ ಕೆಲವು ತಿಂಗಳುಗಳೇ ಬೇಕಾಗುತ್ತವೆ; ಮಳೆಗಾಲದಲ್ಲಿ ಒಣಗುವಿಕೆ ಬಹುತೇಕ ನಿಲ್ಲುತ್ತದೆ. ಒಂದು ತುಂಡನ್ನು ಗುರುತು ಮಾಡಿ ಹದಿನೈದು ದಿನಗಳಿಗೊಮ್ಮೆ ತೂಗುತ್ತಾ ಬಂದಲ್ಲಿ, ಒಣ ಹವೆಯ ದಿನಗಳಲ್ಲಿಯೂ ತೂಕ ಇಳಿಯುವುದು ನಿಂತಾಗ ಹಲಗೆ ಕೆಲಸಕ್ಕೆ ಸಿದ್ಧವಾಗಿದೆ ಎಂದು ತಿಳಿಯಬಹುದು.

6. ಮರ ಕಡಿಯಲು ಅನುಮತಿ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ಜಮೀನಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅಗತ್ಯ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ತೇಗ, ಬೀಟೆಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಸಾಗರ ಅರಣ್ಯ ವಿಭಾಗದ ವ್ಯಾಪ್ತಿಗೆ ಬರುತ್ತವೆ. ಅರ್ಜಿದಾರರು ತಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಿ, ಈ ವಿವರಗಳನ್ನು ಸಿದ್ಧಪಡಿಸಿಕೊಳ್ಳುವುದು:

- ಜಮೀನಿನ ಪಹಣಿ ಹಾಗೂ ಹಕ್ಕಿನ ದಾಖಲೆಗಳು
- ಜಮೀನಿನ ನಕ್ಷೆ
- ಕಡಿಯಬೇಕಾದ ಮರಗಳ ಜಾತಿ, ಸಂಖ್ಯೆ ಮತ್ತು ಸುತ್ತಳತೆ
- ಮರ ಕಡಿಯಲು ಕಾರಣ

ಮಂಜೂರಾದ ಕೆಲವು ಜಮೀನುಗಳಲ್ಲಿ ಮರದ ಮೇಲಿನ ಹಕ್ಕು ಸರ್ಕಾರದ್ದಾಗಿರುತ್ತದೆ. ಆದುದರಿಂದ ಮಂಜೂರಾತಿ ಆದೇಶದ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ಕಡಿದ ಮರಕ್ಕೆ ಬದಲಾಗಿ ಸಸಿ ನೆಟ್ಟು ಬೆಳೆಸಲು ಅನುಮತಿಯಲ್ಲಿ ಷರತ್ತು ವಿಧಿಸಿದ್ದಲ್ಲಿ ಅದನ್ನು ಪಾಲಿಸತಕ್ಕದ್ದು.

7. ಸಾಗಾಣಿಕೆ ಮತ್ತು ಕೊಯ್ಯಿಸುವುದು

ಅನುಮತಿ ಪಡೆದು ಕಡಿದ ನಾಟಾವನ್ನು ಸಾಗಿಸಲು 1969ರ ಕರ್ನಾಟಕ ಅರಣ್ಯ ನಿಯಮಗಳ ಅನ್ವಯ ರಹದಾರಿ ಪಡೆಯಬೇಕು. ಕಡಿಯುವ ಅನುಮತಿ ಪತ್ರವು ರಹದಾರಿಗೆ ಬದಲಾಗುವುದಿಲ್ಲ. ರಹದಾರಿ ಇಲ್ಲದ ನಾಟಾವನ್ನೂ ಅದನ್ನು ಸಾಗಿಸುವ ವಾಹನವನ್ನೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಜಪ್ತಿ ಮಾಡಲು ಅವಕಾಶವಿದೆ. ಪರವಾನಗಿ ಹೊಂದಿದ ಸಾಮಿಲ್ಲಿನಲ್ಲಿಯೇ ಮರ ಕೊಯ್ಯಿಸಿ, ರಸೀದಿ ಪಡೆಯತಕ್ಕದ್ದು.

8. ಬೀಟೆ ಮತ್ತು ಶ್ರೀಗಂಧ

ಬೀಟೆ ಸೇರಿದಂತೆ ಅದರ ಕುಲದ ಬಹುತೇಕ ಮರಗಳು 2017ರ ಜನವರಿ 2ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ವಿದೇಶದಲ್ಲಿರುವ ಬಂಧುಗಳಿಗೆ ಬೀಟೆಯ ಸಾಮಾನು ಕಳುಹಿಸುವವರು ಮುಂಚಿತವಾಗಿ ನಿಯಮಗಳನ್ನು ವಿಚಾರಿಸತಕ್ಕದ್ದು. ಸೊರಬ, ಸಾಗರದ ಗುಡಿಗಾರರ ಕೆತ್ತನೆಯಿಂದ ಹೆಸರಾದ ಶ್ರೀಗಂಧಕ್ಕೆ ಪ್ರತ್ಯೇಕ ನಿಯಮಗಳಿವೆ. 2001ರ ತಿದ್ದುಪಡಿಯಿಂದ ಜಮೀನಿನ ಮಾಲೀಕರೇ ಗಂಧದ ಮರದ ಮಾಲೀಕರಾಗಿದ್ದರೂ, ಅನುಮತಿ ಇಲ್ಲದೆ ಅದನ್ನು ಕಡಿಯುವಂತಿಲ್ಲ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಮನೆ ಕೆಡವಿದಾಗ ದೊರೆತ ಕಂಬ, ತೊಲೆಗಳಿಂದ ಮಂಚ ಮಾಡಿಸಬಹುದೇ?
ಉತ್ತರ: ಮಾಡಿಸಬಹುದು. ಹಳೆಯ ಮರ ಚೆನ್ನಾಗಿ ಒಣಗಿರುವುದರಿಂದ ಅದು ಉತ್ತಮ ಆಯ್ಕೆ. ಬೇರೆಡೆಗೆ ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು. ಕೊಯ್ಯುವ ಮುನ್ನ ಹಳೆಯ ಮೊಳೆಗಳನ್ನು ತೆಗೆಸುವುದು.

ಪ್ರಶ್ನೆ: ಅಂಗಡಿಯವರು ತೇಗವೆಂದು ಕೊಟ್ಟದ್ದು ತೇಗವೇ ಎಂದು ತಿಳಿಯುವುದು ಹೇಗೆ?
ಉತ್ತರ: ಬಿಲ್ಲಿನಲ್ಲಿ ಮರದ ಜಾತಿಯನ್ನು ಬರೆಸಿಕೊಳ್ಳಬೇಕು. ಸಂದೇಹವಿದ್ದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮಾದರಿ ತುಂಡಿನಿಂದ ಜಾತಿ ಗುರುತಿಸುವ ಸೌಲಭ್ಯವಿದೆ.

ಪ್ರಶ್ನೆ: ದುಂಡು ಮರದ ಅಳತೆ ಹೇಗೆ?
ಉತ್ತರ: ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ರೂಢಿಯ ಕ್ರಮ. ಉದಾಹರಣೆಗೆ, 4 ಅಡಿ ಸುತ್ತಳತೆ ಹಾಗೂ 10 ಅಡಿ ಉದ್ದದ ದಿಮ್ಮಿಯ ಅಳತೆ 10 ಘನ ಅಡಿ. 1 ಘನ ಮೀಟರ್ ಎಂದರೆ ಸುಮಾರು 35.3 ಘನ ಅಡಿ.

ಪ್ರಶ್ನೆ: ಮುಂದಿನ ಬೇಸಿಗೆಯಲ್ಲಿ ಮನೆಯಲ್ಲಿ ಮದುವೆ ಇದೆ. ಅರ್ಜಿ ಯಾವಾಗ ಸಲ್ಲಿಸಬೇಕು?
ಉತ್ತರ: ಈಗಲೇ. ಅನುಮತಿ, ಕಡಿತ, ಸಾಗಾಣಿಕೆ ಹಾಗೂ ಕೊಯ್ತ ಮುಗಿದ ಮೇಲೆಯೂ ಹಲಗೆ ಒಣಗಲು ಸಮಯ ಬೇಕು. ಕನಿಷ್ಠ ಒಂದು ವರ್ಷ ಮುಂಚಿತವಾಗಿ ಸಿದ್ಧತೆ ಆರಂಭಿಸುವುದು ಕ್ಷೇಮ.

10. ಸೂಚನೆ

ಅನುಮತಿ ಪತ್ರ, ರಹದಾರಿ, ಸಾಮಿಲ್ಲಿನ ರಸೀದಿ ಮತ್ತು ಬಡಗಿಯವರ ಕೂಲಿ ಚೀಟಿಗಳನ್ನು ಒಂದೆಡೆ ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ. ಮುಂದೆ ಸಾಮಾನನ್ನು ಮಾರುವಾಗ, ಪಾಲು ಮಾಡಿಕೊಳ್ಳುವಾಗ ಅಥವಾ ಬೇರೆ ಊರಿಗೆ ಕೊಂಡೊಯ್ಯುವಾಗ ಮರದ ಮೂಲವನ್ನು ತೋರಿಸಲು ಈ ದಾಖಲೆಗಳೇ ಆಧಾರವಾಗಿರುತ್ತವೆ.