ಪೆಟ್ಟಿಗೆಯಿಂದ ಗೋಡೆಗೆ: ನಮ್ಮ ಮನೆಗಳ ದನಿಯ ಒಂದು ಇತಿಹಾಸ

ಕಳೆದ ಚಳಿಗಾಲದಲ್ಲಿ ಸಾಗರದಿಂದ ಅಮ್ಮ ಅಲ್ ಮವಾಲೇಹ್‌ನ ನಮ್ಮ ಮನೆಗೆ ಬಂದು ಕೆಲವು ವಾರ ಇದ್ದರು. ಸಂಜೆಯಾದೊಡನೆ ಅವರೂ ಎಂಟು ವರ್ಷದ ನನ್ನ ಮಗಳೂ ಗೋಡೆಯ ಮೇಲಿನ ಟಿವಿಯ ಮುಂದೆ ಕನ್ನಡ ಧಾರಾವಾಹಿ ನೋಡಲು ಕೂರುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಅಮ್ಮ ಮೊಮ್ಮಗಳನ್ನು ಕೇಳುವರು: “ಎಂಥ ಹೇಳ್ದ ಅವ, ಮಾರಾಯ್ತಿ?” ಮೊಮ್ಮಗಳು ನನ್ನ ಕಡೆ ತಿರುಗಿ ಕೇಳುವಳು: “ಏನಂದ?” ದನಿ ಏರಿಸಿದರೆ ಹಿನ್ನೆಲೆ ಸಂಗೀತ ಅಬ್ಬರಿಸುತ್ತಿತ್ತು, ಮಾತು ಮಾತ್ರ ಗೋಡೆಯ ಆಚೆ ನಿಂತು ಆಡಿದಂತೆ ಕೇಳುತ್ತಿತ್ತು. ಒಬ್ಬರದು ಎಪ್ಪತ್ತನಾಲ್ಕು ವರ್ಷದ ಕಿವಿ, ಇನ್ನೊಬ್ಬಳದು ಎಂಟು ವರ್ಷದ್ದು. ಇಬ್ಬರಿಗೂ ಒಂದೇ ಮಾತು ತಪ್ಪುತ್ತಿದೆಯೆಂದರೆ ದೋಷ ಕಿವಿಯಲ್ಲಿರಲಾರದು ಎಂದು ನನಗೆ ಅನಿಸಿತು.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಟಿವಿಯ ಕೆಳಗೆ ಒಂದು ಸೌಂಡ್ ಬಾರ್. ಆದರೆ ಅಂಗಡಿಗೆ ಹೋಗಿ ನಿಂತಾಗ ಪೆಟ್ಟಿಗೆಗಳ ಮೇಲಿನ ಅಂಕೆಗಳು, ವ್ಯಾಟುಗಳು, ಚಿಹ್ನೆಗಳು ನನ್ನನ್ನು ದಿಗಿಲುಗೊಳಿಸಿದವು. ಬರಿಗೈಯಲ್ಲಿ ಮರಳಿದೆ. ಇಷ್ಟು ದುಬಾರಿಯ, ಇಷ್ಟು ಸುಂದರ ಚಿತ್ರ ತೋರುವ ಟಿವಿ ಮಾತನ್ನೇಕೆ ಕಳೆದುಕೊಂಡಿತು ಎಂಬುದನ್ನು ಮೊದಲು ತಿಳಿಯೋಣವೆಂದು ಹಿಂದಕ್ಕೆ ಹುಡುಕುತ್ತ ಹೋದೆ. ಆ ದಾರಿ ಮೈಸೂರಿನ ಒಂದು ಮನೆಯವರೆಗೆ ಹೋಯಿತು.

ದನಿಗೆ ಮನೆಯಿದ್ದ ಕಾಲ

ಇಂದಿಗೂ ನಾವು ಬಳಸುವ ಧ್ವನಿವರ್ಧಕದ ಮೂಲರೂಪವನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಂಜಿನಿಯರುಗಳು 1925ರಲ್ಲಿ ವಿವರಿಸಿದರು. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು. ಸುರುಳಿ ಅಲುಗಿದರೆ ಶಂಕು ಗಾಳಿಯನ್ನು ತಳ್ಳುತ್ತದೆ. ಈ ಏರ್ಪಾಡಿಗೆ ಒಂದು ಸ್ವಭಾವದೋಷವಿದೆ. ಶಂಕು ಮುಂದಕ್ಕೆ ಗಾಳಿಯನ್ನು ತಳ್ಳುವ ಕ್ಷಣದಲ್ಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಹಿಂದಿನ ಅಲೆ ಸುತ್ತಿ ಮುಂದಕ್ಕೆ ಬಂದರೆ ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಮೊದಲು ಹೋಗುವುದು ತಗ್ಗು ಸ್ವರಗಳು. ಇದನ್ನು ತಡೆಯಲು ಬೇಕಾದದ್ದು ಪೆಟ್ಟಿಗೆ. ಹಳೆಯ ರೇಡಿಯೊಗಳ ಮರದ ಕವಚ ಅಂದಕ್ಕಷ್ಟೇ ಇರಲಿಲ್ಲ, ಅದು ದನಿಗೆ ಕಟ್ಟಿಕೊಟ್ಟ ಮನೆ.

ಕನ್ನಡಕ್ಕೆ ಈ ಮನೆ ದೊರೆತದ್ದು ತಡವಾಗಿಯೇನಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರಲ್ಲಿ. ಮರುವರ್ಷ, 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಕೇವಲ 30 ವ್ಯಾಟ್ ಸಾಮರ್ಥ್ಯದ ಸಾಧನದಲ್ಲಿ ಪ್ರಸಾರ ಆರಂಭಿಸಿದರು. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಬಂದಿತು. ಇಂದು ಅಂಗಡಿಯಲ್ಲಿ 300, 500 ವ್ಯಾಟ್ ಎಂಬ ಅಂಕೆಗಳನ್ನು ಕಂಡಾಗಲೆಲ್ಲ ನನಗೆ ಆ 30 ವ್ಯಾಟ್ ನೆನಪಾಗುತ್ತದೆ. ಪ್ರಸಾರದ ವ್ಯಾಟೂ ಸ್ಪೀಕರಿನ ವ್ಯಾಟೂ ಒಂದೇ ಅಲ್ಲ, ನಿಜ. ಆದರೆ ಮಾತು ತಲುಪುವುದಕ್ಕೆ ಬೇಕಾದದ್ದು ಬಲಕ್ಕಿಂತ ಸ್ಪಷ್ಟತೆ ಎಂಬ ಪಾಠ ಎರಡಕ್ಕೂ ಒಂದೇ.

1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1976ರಲ್ಲಿ ಮಂಗಳೂರು: ಹೀಗೆ ಆಕಾಶವಾಣಿ ಕೇಂದ್ರಗಳು ಹರಡಿದವು. ನಮ್ಮ ಹಿರಿಯರ ಮನೆಗಳಲ್ಲಿ ರೇಡಿಯೊ ಇರುತ್ತಿದ್ದ ಜಾಗವನ್ನು ಸ್ಮರಿಸಿಕೊಳ್ಳಿ. ನಡುಮನೆಯ ಗೂಡಿನಲ್ಲೋ ಮೇಜಿನ ಮೇಲೋ, ಕುಳಿತವರ ಕಿವಿಯ ಎತ್ತರಕ್ಕೆ, ಮುಖ ನಮ್ಮ ಕಡೆಗೆ. ದನಿ ನೇರವಾಗಿ ಬರುತ್ತಿತ್ತು. ಪ್ರದೇಶ ಸಮಾಚಾರದ ಒಂದು ಅಕ್ಷರವೂ ಅಜ್ಜನಿಗೆ ತಪ್ಪುತ್ತಿರಲಿಲ್ಲ.

ಕೊಲ್ಲಿಯ ದನಿ

ನಾವೀಗ ವಾಸಿಸುತ್ತಿರುವ ಈ ನಾಡಿನಲ್ಲಿ ಸುಲ್ತಾನ್ ಖಾಬೂಸ್ ಅಧಿಕಾರ ವಹಿಸಿಕೊಂಡದ್ದು 1970ರ ಜುಲೈ 23ರಂದು. ಒಮಾನಿನ ರೇಡಿಯೊ ಪ್ರಸಾರ ಆರಂಭವಾದದ್ದು ಅದೇ ತಿಂಗಳ ಕೊನೆಯಲ್ಲಿ. ಮಸ್ಕತ್ತಿನಲ್ಲಿ ಟಿವಿ ಪ್ರಸಾರ 1974ರ ನವೆಂಬರಿನಲ್ಲೇ ಬಂದಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಎಂಬತ್ತರ ದಶಕದಲ್ಲಿ ಕೊಲ್ಲಿಯಿಂದ ಊರಿಗೆ ಹೋದವರ ಕೈಯಲ್ಲಿ ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಸೇರಿದ ‘ಟೂ ಇನ್ ಒನ್’ ಇದ್ದೇ ಇರುತ್ತಿತ್ತು. ಕಾಗದ ಬರೆಯಲು ಬಾರದ ತಾಯಂದಿರು ತಮ್ಮ ದನಿಯನ್ನೇ ಕ್ಯಾಸೆಟ್ಟಿಗೆ ತುಂಬಿ, ಹೊರಟವರ ಕೈಯಲ್ಲಿ ಮಗನಿಗೆ ಕಳಿಸುತ್ತಿದ್ದ ಕಾಲವದು. ಕಡಲಾಚೆ ಬದುಕುವವರಿಗೆ ದನಿಯೆಂದರೆ ಮನರಂಜನೆಯ ಮಾತಷ್ಟೇ ಆಗಿರಲಿಲ್ಲ.

ಆ ದಶಕದ ಟಿವಿ ಒಂದು ದಪ್ಪ ಪೆಟ್ಟಿಗೆ. ಚಿತ್ರ ಮೂಡಿಸುವ ಗಾಜಿನ ಕೊಳವೆಗೆ ಉದ್ದ ಬೇಕಿದ್ದರಿಂದ ಅದರ ಬೆನ್ನು ದೊಡ್ಡದು. ಹೀಗಾಗಿ ಸ್ಪೀಕರಿಗೂ ಧಾರಾಳ ಜಾಗ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಅನ್ನು ಊರಿಗೆ ಊರೇ ಒಂದೇ ಮನೆಯಲ್ಲಿ ಕುಳಿತು ನೋಡಿತು. ಹಿಂದಿನ ಸಾಲಿನವರಿಗೂ ಮಾತು ಕೇಳುತ್ತಿತ್ತು.

ಚಿತ್ರ ತೆಳುವಾದಾಗ

ಪ್ಲಾಸ್ಮಾ ಪರದೆಯನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ್ದು 1964ರಲ್ಲಿ. ಅದು ದೊಡ್ಡ ಟಿವಿಯಾಗಿ ಮಾರುಕಟ್ಟೆಗೆ ಬಂದದ್ದು 1997ರ ಹೊತ್ತಿಗೆ. ಅನಂತರ ಎಲ್‌ಸಿಡಿ, ಆಮೇಲೆ ಎಲ್‌ಇಡಿ ಬೆಳಕಿನ ಪರದೆ. ಪ್ರತಿಯೊಂದು ಹೆಜ್ಜೆಯಲ್ಲೂ ಟಿವಿ ತೆಳುವಾಯಿತು, ಚೌಕಟ್ಟು ಕಿರಿದಾಯಿತು. ಮುಂಭಾಗದಲ್ಲಿ ಜಾಗವಿಲ್ಲದೆ ಸ್ಪೀಕರುಗಳು ಕೆಳಗಂಚಿಗೋ ಬೆನ್ನಿಗೋ ಸರಿದವು. ದನಿ ನಮ್ಮನ್ನು ನೋಡುವುದನ್ನು ಬಿಟ್ಟು ನೆಲವನ್ನೋ ಗೋಡೆಯನ್ನೋ ನೋಡತೊಡಗಿತು. ಇಂಥ ಟಿವಿಯನ್ನು ಗೋಡೆಗೆ ತೂಗುಹಾಕಿದರೆ ಅದು ಕಿವಿಯ ಮಟ್ಟದಿಂದ ಇನ್ನಷ್ಟು ಮೇಲೇರುತ್ತದೆ. ಮರದ ಪೆಟ್ಟಿಗೆ ಕೊಟ್ಟಿದ್ದ ಮೂರೂ ಅನುಕೂಲಗಳು, ಅಂದರೆ ಗಾಳಿಯ ಜಾಗ, ಎದುರು ಮುಖ, ಸರಿಯಾದ ಎತ್ತರ, ಒಟ್ಟಿಗೇ ಹೋದವು.

ಮವಾಲೇಹ್‌ನ ನಮ್ಮ ಮನೆಗಳು ಇದಕ್ಕೆ ಇನ್ನೊಂದನ್ನು ಸೇರಿಸುತ್ತವೆ. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಎತ್ತರದ ಸೂರು, ಸದಾ ಓಡುವ ಎಸಿ. ಗಟ್ಟಿ ಮೈಗಳಿಗೆ ಬಡಿದ ದನಿ ಮರಳಿ ಮರಳಿ ಬಂದು ಮುಂದಿನ ಅಕ್ಷರದ ಮೇಲೆ ಬೀಳುತ್ತದೆ.

ಇದರಿಂದ ಕನ್ನಡಕ್ಕೆ ಆಗುವ ನಷ್ಟ ಸಣ್ಣದಲ್ಲ. ಮಾತಿನಲ್ಲಿ ಸ್ವರಗಳ ಬಲ ಹೆಚ್ಚಾಗಿ ತಗ್ಗು ಆವರ್ತನಗಳಲ್ಲಿದೆ. ವ್ಯಂಜನಗಳನ್ನು ಬೇರ್ಪಡಿಸುವ ಸೂಕ್ಷ್ಮ ಗುರುತುಗಳು ಬಹುಪಾಲು 2000ದಿಂದ 4000 ಹರ್ಟ್ಸ್‌ನ ಆಸುಪಾಸಿನಲ್ಲಿವೆ, ಮತ್ತು ಅವು ಕ್ಷೀಣ. ‘ಬೆಲೆ’ಗೂ ‘ಬೆಳೆ’ಗೂ, ‘ಹಲ್ಲಿ’ಗೂ ‘ಹಳ್ಳಿ’ಗೂ ಇರುವ ಅಂತರ ಇಂಥ ಕ್ಷೀಣ ಗುರುತುಗಳ ಮೇಲೆಯೇ ನಿಂತಿದೆ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ಆವರ್ತನಗಳನ್ನೇ. ಆದರೂ ಅಜ್ಜಿ ಅರ್ಧ ಕೇಳಿದ ಮಾತನ್ನು ಎಪ್ಪತ್ತು ವರ್ಷದ ರೂಢಿಯಿಂದ ತುಂಬಿಕೊಳ್ಳಬಲ್ಲರು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅರಬ್ಬಿ ಮತ್ತು ಹಿಂದಿ ಕೇಳುವ ಮಗುವಿಗೆ ಆ ರೂಢಿಯಿಲ್ಲ. ಇಂಗ್ಲಿಷ್ ಕಾರ್ಯಕ್ರಮಕ್ಕೆ ಕೆಳಗೆ ಅಕ್ಷರ ಬರುತ್ತದೆ. ನಮ್ಮ ಹೆಚ್ಚಿನ ಧಾರಾವಾಹಿಗಳಿಗೆ, ಹಳೆಯ ಚಿತ್ರಗಳಿಗೆ ಅದೂ ಇಲ್ಲ. ತಂದೆತಾಯಿಯರ ದನಿಯನ್ನು ಬಿಟ್ಟರೆ ಈ ಮಕ್ಕಳಿಗೆ ದಿನನಿತ್ಯ ಕೇಳುವ ಕನ್ನಡ ಟಿವಿಯದೇ. ಅದೇ ಮಸುಕಾದರೆ?

ಪೆಟ್ಟಿಗೆ ಮರಳಿ ಬಂದದ್ದು

ಮಾತು ಪರದೆಯ ಮೇಲಿನ ಬಾಯಿಯಿಂದಲೇ ಬಂದಂತೆ ಕೇಳಬೇಕೆಂಬ ಆಸೆ ಹಳೆಯದು. ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಸಿನಿಮಾ ನೋಡುತ್ತಿದ್ದಾಗ, ಪಾತ್ರ ಪರದೆಯ ಒಂದು ಬದಿಯಲ್ಲಿದ್ದರೂ ದನಿ ಬೇರೆಡೆಯಿಂದ ಬರುವುದನ್ನು ಗಮನಿಸಿ ಬೇಸರಗೊಂಡರೆಂದು ಹೇಳುತ್ತಾರೆ. 1931ರಲ್ಲಿ ಅವರು ಸ್ಟೀರಿಯೊ ಪದ್ಧತಿಗೆ ಪೇಟೆಂಟ್ ಅರ್ಜಿ ಹಾಕಿದರು. ಇಂದು ಸೌಂಡ್ ಬಾರ್‌ಗಳ ಮೇಲೆ ಕಾಣುವ ‘ಡಾಲ್ಬಿ’ ಎಂಬ ಹೆಸರಿಗೂ ಭಾರತದ ನಂಟಿದೆ. ರೇ ಡಾಲ್ಬಿ 1963ರಿಂದ ಎರಡು ವರ್ಷ ಯುನೆಸ್ಕೊ ಸಲಹೆಗಾರರಾಗಿ ಚಂಡೀಗಢದ ವೈಜ್ಞಾನಿಕ ಉಪಕರಣಗಳ ಸಂಸ್ಥೆಯಲ್ಲಿದ್ದರು. 1965ರಲ್ಲಿ ಲಂಡನ್ನಿಗೆ ಮರಳಿ ತಮ್ಮ ಪ್ರಯೋಗಶಾಲೆ ತೆರೆದರು. ಅವರ ಮೊದಲ ಸಾಧನೆ ದನಿಯನ್ನು ಹೆಚ್ಚಿಸಿದ್ದಲ್ಲ, ಟೇಪಿನ ಸರಸರ ಸದ್ದನ್ನು ತಗ್ಗಿಸಿ ದನಿಯನ್ನು ಉಳಿಸಿದ್ದು.

ಒಂದೇ ಉದ್ದನೆಯ ಕವಚದಲ್ಲಿ ಹಲವು ಸ್ಪೀಕರುಗಳನ್ನು ಕೂರಿಸುವ ಸೌಂಡ್ ಬಾರ್ ತೊಂಬತ್ತರ ದಶಕದ ಕೊನೆಗೆ ಕಾಣಿಸಿಕೊಂಡು, ಚಪ್ಪಟೆ ಟಿವಿ ಮನೆಮನೆಗೆ ಬಂದ ಮೇಲೆ ಬೇಕೇಬೇಕಾದ ವಸ್ತುವಾಯಿತು. 2009ರಲ್ಲಿ ಬಂದ ಎಆರ್‌ಸಿ ಎಂಬ ಏರ್ಪಾಡು ಒಂದೇ ಎಚ್‌ಡಿಎಂಐ ತಂತಿಯಲ್ಲಿ ಟಿವಿಯ ದನಿಯನ್ನು ಬಾರ್‌ಗೆ ಮರಳಿಸುವಂತೆ ಮಾಡಿತು. 2017ರ ಇಎಆರ್‌ಸಿ ಅದರ ಸುಧಾರಿತ ರೂಪ. ಹೀಗೆ ನೋಡಿದರೆ ಸೌಂಡ್ ಬಾರ್ ಹೊಸ ಆಡಂಬರವೇನಲ್ಲ. ಚಿತ್ರವನ್ನು ತೆಳುಗೊಳಿಸಲು ನಾವು ಕಿತ್ತೆಸೆದ ಪೆಟ್ಟಿಗೆಗೆ ಈಗ ಪ್ರತ್ಯೇಕ ಬೆಲೆ ಕೊಟ್ಟು ಮರಳಿ ತರುತ್ತಿದ್ದೇವೆ, ಅಷ್ಟೆ.

ಆಯ್ಕೆಯ ವಿವೇಕ

ಇಷ್ಟು ತಿಳಿದ ಮೇಲೆ ಎರಡನೆಯ ಸಲ ಅಂಗಡಿಗೆ ಹೋದಾಗ ನಾನು ನೋಡಿದ್ದು ಮೊದಲ ಅಂಕೆಯನ್ನು. 2.1 ಎಂದರೆ ಎಡ, ಬಲ ಮತ್ತು ಒಂದು ಸಬ್‌ವೂಫರ್. 3.1 ಎಂದರೆ ನಡುವೆ ಇನ್ನೊಂದು ಸ್ಪೀಕರ್. ಮಾತಿಗೆ ಮೀಸಲಾದದ್ದು ಅದೇ. ಮಾತು ಮುಖ್ಯವಾದ ಮನೆಗೆ ಈ ನಡುವಿನ ಸ್ಪೀಕರೇ ಮುಖ್ಯ. ನಮ್ಮ ಹಳೆಯ ಕನ್ನಡ ಚಿತ್ರಗಳ ದನಿ ಬಹುತೇಕ ಒಂದೇ ವಾಹಿನಿಯದು. ಅವಕ್ಕೆ ಸುತ್ತಲೂ ಮೊಳಗುವ ಏರ್ಪಾಡಿನಿಂದ ಹೆಚ್ಚಿನ ಲಾಭವಿಲ್ಲ. ಸೂರಿಗೆ ದನಿಯನ್ನು ಚಿಮ್ಮಿಸುವ ಆಟ್ಮೋಸ್ ಬಾರ್‌ಗಳಿಗೆ ಚಪ್ಪಟೆಯಾದ, ತೀರ ಎತ್ತರವಲ್ಲದ ಸೂರು ಬೇಕು. ಇಲ್ಲಿನ ವಿಲ್ಲಾಗಳ ಮೆಟ್ಟಿಲು ಮೆಟ್ಟಿಲಾದ ಜಿಪ್ಸಮ್ ಅಲಂಕಾರದ ಕೆಳಗೆ ಆ ಹಣ ವ್ಯರ್ಥವಾಗಬಹುದು.

ಎರಡನೆಯದು ಅಳತೆ. 55 ಅಂಗುಲದ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಬಾರ್ ಅದಕ್ಕಿಂತ ಅಗಲವಾಗಬಾರದು. ಟಿವಿಯ ಕೆಳಗೆ ಅಂಗೈಯಗಲ ಬಿಟ್ಟು, ಮುಖ ನೇರ ನಮ್ಮ ಕಡೆಗಿರುವಂತೆ ಕೂರಿಸಬೇಕು. ಟಿವಿ ಈಗಾಗಲೇ ತೀರ ಎತ್ತರದಲ್ಲಿದ್ದರೆ ಬಾರನ್ನು ಅದರ ಜೊತೆ ಗೋಡೆಗೇರಿಸದೆ ಕೆಳಗಿನ ಮೇಜಿನ ಮೇಲಿಡುವುದು ಮೇಲು. ಆಗ ಅದು ಅಜ್ಜನ ರೇಡಿಯೊ ಇದ್ದ ಎತ್ತರಕ್ಕೆ ಬರುತ್ತದೆ. ಗೋಡೆಗೇ ಹಾಕುವುದಾದರೆ ತೂತು ಕೊರೆಯುವ ಮುನ್ನ ಬಾಡಿಗೆ ಮನೆಯವರು ಮಾಲೀಕರನ್ನು ಒಂದು ಮಾತು ಕೇಳಿರಿ. ಒಳಗೆ ಹಾಯ್ದ ವಿದ್ಯುತ್ ತಂತಿಯ ದಾರಿಯನ್ನೂ ತಿಳಿದುಕೊಳ್ಳಿರಿ.

ಮೂರನೆಯದು ಸಂಪರ್ಕ. ಟಿವಿಯ ಹಿಂದೆ ಎಷ್ಟು ಎಚ್‌ಡಿಎಂಐ ಕಿಂಡಿಗಳಿದ್ದರೂ ಎಆರ್‌ಸಿ ಎಂದು ಬರೆದಿರುವುದು ಸಾಮಾನ್ಯವಾಗಿ ಒಂದೇ. ಗೋಡೆಗೆ ಒತ್ತಿದ ಟಿವಿಯನ್ನು ಮತ್ತೆ ಬಿಚ್ಚುವ ಪ್ರಸಂಗ ಬಾರದಂತೆ ಮೊದಲೇ ಆ ಕಿಂಡಿಯನ್ನು ಪತ್ತೆ ಹಚ್ಚಿಕೊಳ್ಳಿ. ಮಾತು ತುಟಿಯ ಚಲನೆಗೆ ಹೊಂದದಿದ್ದರೆ ಅದನ್ನು ಸರಿಪಡಿಸುವ ಆಯ್ಕೆ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಮುಂದೆ ಊರಿಗೆ ಮರಳುವವರಿಗೆ ಒಂದು ಸಮಾಧಾನ: ಇಲ್ಲಿಯ ವಿದ್ಯುತ್ ಒತ್ತಡವೂ ಅಲ್ಲಿಯದೂ ಹೆಚ್ಚುಕಡಿಮೆ ಒಂದೇ; ಬದಲಾಗುವುದು ಪ್ಲಗ್ಗಿನ ಆಕಾರ ಮಾತ್ರ.

ನಾಲ್ಕನೆಯದು ಕಿವಿಯ ಪರೀಕ್ಷೆ. ಅಂಗಡಿಯವರು ಸ್ಫೋಟ, ಕಾರಿನ ಓಟ ಕೇಳಿಸುತ್ತಾರೆ. ನಿಮ್ಮ ಮೊಬೈಲಿನಿಂದ ಕನ್ನಡ ವಾರ್ತೆಯನ್ನೋ ಒಂದು ಹಳೆಯ ಚಿತ್ರದ ಸಂಭಾಷಣೆಯನ್ನೋ ಕೇಳಿಸಲು ಹೇಳಿ. ದನಿಯನ್ನು ತಗ್ಗಿಸಿ ಕೇಳಿ. ತಗ್ಗಿಸಿದಾಗಲೂ ‘ಳ’ಕಾರ ‘ಳ’ಕಾರವಾಗಿಯೇ ಉಳಿದರೆ ಅದು ನಿಮ್ಮ ಬಾರ್. ಸಬ್‌ವೂಫರಿನ ಗುಡುಗು ಫ್ಲ್ಯಾಟಿನ ಸಿಮೆಂಟ್ ನೆಲವನ್ನು ದಾಟಿ ಕೆಳಮನೆಯವರ ನಿದ್ದೆ ಕೆಡಿಸುತ್ತದೆಂಬುದೂ ನೆನಪಿರಲಿ. ಇದೆಲ್ಲಕ್ಕೂ ಮೊದಲು, ಖರ್ಚು ಕಡಿಮೆಯ ಒಂದು ಕೆಲಸವಿದೆ: ಟಿವಿಯ ಎದುರು ದಪ್ಪ ಜಮಖಾನೆ ಹಾಸಿ, ಕಿಟಕಿಗೆ ಭಾರದ ಪರದೆ ಬಿಡಿ. ಅರ್ಧ ಗದ್ದಲ ಅಲ್ಲಿಯೇ ಅಡಗುತ್ತದೆ.

ನಾವು ತಂದದ್ದು 3.1ರ ಒಂದು ಸಾಧಾರಣ ಬಾರ್; ಸಬ್‌ವೂಫರನ್ನು ಹೆಚ್ಚುಕಡಿಮೆ ಮೌನವಾಗಿಸಿ, ಮಾತಿಗೆ ಒತ್ತು ಕೊಡುವ ಆಯ್ಕೆಯನ್ನು ಒತ್ತಿಟ್ಟೆವು. ಅಮ್ಮನಿಗೆ ಎಲ್ಲವೂ ಕೇಳತೊಡಗಿತೆಂದು ಹೇಳಲಾರೆ. ಮೆಲ್ಲನೆ ಆಡಿದ ಮಾತು ಈಗಲೂ ಅವರಿಗೆ ತಪ್ಪುತ್ತಿತ್ತು. ಆದರೆ ಮೊದಲ ವಾರ ಕಳೆಯುವಷ್ಟರಲ್ಲಿ ಮಗಳ ಪ್ರಶ್ನೆ ಬದಲಾಗಿತ್ತು. “ಏನಂದ?” ಎಂದು ನನ್ನ ಕಡೆ ತಿರುಗುತ್ತಿದ್ದವಳು ಈಗ ಅಜ್ಜಿಯ ಕಡೆ ತಿರುಗಿ, “ಅಜ್ಜಿ, ‘ಋಣ’ ಅಂದರೇನು?” ಎಂದಳು. ಅಮ್ಮ ರಿಮೋಟ್ ಎತ್ತಿ ದನಿಯನ್ನು ಪೂರ್ತಿ ತಗ್ಗಿಸಿ, ವಿವರಿಸಲು ಕುಳಿತರು. ಆ ಸಂಜೆಯ ಧಾರಾವಾಹಿಯ ಉಳಿದ ಭಾಗವನ್ನು ನಾವು ಯಾರೂ ನೋಡಲಿಲ್ಲ.