ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು? ವಿಮಾನದಲ್ಲಿ ಎಷ್ಟು ಗಂಟೆ?

ಮಗಳ ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ ಅಂತ ಅಮೆರಿಕಕ್ಕೆ ಮೊದಲ ಸಲ ಹೊರಡುವ ಅಪ್ಪ-ಅಮ್ಮಂದಿರು ಟಿಕೆಟ್ ನೋಡಿ ತಬ್ಬಿಬ್ಬಾಗೋದು ಸಹಜ. ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 4.30ಕ್ಕೆ ಅಲ್ಲಿ ಇಳಿಯುತ್ತೆ ಅಂತ ಅದರಲ್ಲಿ ಇರಬಹುದು. ಹಾಗಂತ ಪ್ರಯಾಣ ಎರಡೂವರೆ ಗಂಟೆಯದ್ದಲ್ಲ, ಪೂರ್ತಿ 16 ಗಂಟೆಯದ್ದು.

ಒಂದೇ ನೋಟದಲ್ಲಿ
• ನೇರ ದೂರ: ಸುಮಾರು 14,000 ಕಿ.ಮೀ.
• ಎಲ್ಲೂ ನಿಲ್ಲದೆ ಹೋದರೆ: 16ರಿಂದ 17 ಗಂಟೆ
• ಒಂದು ಕಡೆ ವಿಮಾನ ಬದಲಿಸಿದರೆ: 20 ಗಂಟೆ ದಾಟುತ್ತೆ
• ಸಮಯದ ವ್ಯತ್ಯಾಸ: ಚಳಿಗಾಲದಲ್ಲಿ 13.30 ಗಂಟೆ, ಬೇಸಿಗೆಯಲ್ಲಿ 12.30 ಗಂಟೆ

ಟಿಕೆಟ್ ಓದೋದು ಹೇಗೆ?
ಹೊರಡುವ ಸಮಯ ಬೆಂಗಳೂರಿನದ್ದು, ಇಳಿಯುವ ಸಮಯ ಅಲ್ಲಿಯದ್ದು. ಜನವರಿಯಲ್ಲಿ ನಮ್ಮಲ್ಲಿ ಬೆಳಗ್ಗೆ 8 ಆದಾಗ ಅಲ್ಲಿ ಹಿಂದಿನ ದಿನ ಸಂಜೆ 6.30. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡ್ತಾರೆ. ಆಗ ಅಲ್ಲಿ ಸಂಜೆ 7.30.

ವಾಪಸ್ ಬರುವಾಗ ಲೆಕ್ಕ ಉಲ್ಟಾ. ಜನವರಿ 9ರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು 17 ಗಂಟೆ ಹಾರಿದರೆ ಬೆಂಗಳೂರು ಮುಟ್ಟೋದು 11ರ ಬೆಳಗಿನ ಜಾವ 3.30ಕ್ಕೆ. ಕರೆತರಲು ಹೋಗುವವರು 10ನೇ ತಾರೀಖಿಗೆ ಕಾರು ಗೊತ್ತು ಮಾಡಿದರೆ ಒಂದು ದಿನ ಮೊದಲೇ ಹೋಗಿ ಕಾಯಬೇಕಾಗುತ್ತೆ.

ತಾರೀಖಿನ ಎಡವಟ್ಟು
ಟಿಕೆಟ್‌ನಲ್ಲಿ 15ನೇ ತಾರೀಖು 02.00 ಅಂತ ಇದ್ದರೆ ಅದು 14ರ ರಾತ್ರಿ ಕಳೆದ ಮೇಲಿನ 2 ಗಂಟೆ. ಮೂರು ಗಂಟೆ ಮೊದಲು, ಅಂದರೆ 14ರ ರಾತ್ರಿ 11ಕ್ಕೇ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇರಬೇಕು. 15ರ ರಾತ್ರಿ ಹೋದರೆ ವಿಮಾನ ಹೋಗಿ ಹತ್ತಿರ ಹತ್ತಿರ ಒಂದು ದಿನ ಆಗಿರುತ್ತೆ, ಟಿಕೆಟ್ ದುಡ್ಡೂ ಹೋದಂತೆಯೇ.

ಉತ್ತರಕ್ಕೆ ಯಾಕೆ ಹೋಗುತ್ತೆ?
ಭೂಮಿ ದುಂಡಗಿರೋದರಿಂದ ಹತ್ತಿರದ ದಾರಿ ಚೀನಾ, ರಷ್ಯಾದ ಪೂರ್ವ ಭಾಗ, ಅಲಾಸ್ಕಾ ಕಡೆಯಿಂದ ಸಾಗುತ್ತೆ. ಗಾಳಿ, ಹವಾಮಾನ, ವಾಯುಪ್ರದೇಶದ ಅನುಮತಿ ನೋಡಿಕೊಂಡು ದಾರಿ ಬದಲಾಗುತ್ತೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿತ್ತು.

ದುಬೈ ಮೂಲಕ ಹೋದರೆ?
ಬೆಂಗಳೂರಿಂದ ದುಬೈಗೆ ಸುಮಾರು 2,700 ಕಿ.ಮೀ., 4 ಗಂಟೆ. ಅಲ್ಲಿಂದ ಸುಮಾರು 13,000 ಕಿ.ಮೀ., 16 ಗಂಟೆ. ನಡುವೆ 3 ಗಂಟೆ ಕಾದರೂ ಒಟ್ಟು 23 ಗಂಟೆ.

ಬುಕ್ ಮಾಡುವಾಗ ‘ನಾನ್‌ಸ್ಟಾಪ್’ ಅಂತ ಇದೆಯಾ ನೋಡಿ. ‘ಡೈರೆಕ್ಟ್’ ಅಂದರೆ ಮಧ್ಯೆ ಎಲ್ಲೋ ಇಳಿದು ಮುಂದೆ ಹೋಗೋ ವಿಮಾನವೂ ಇರಬಹುದು. ಬಿಪಿ, ಶುಗರ್ ಮಾತ್ರೆ, ಇನ್ಸುಲಿನ್ ಮತ್ತು ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ. ಕೂತು ಕೂತು ಕಾಲು ಊದಿಕೊಳ್ಳುತ್ತೆ, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡೋದು ಒಳ್ಳೇದು.