ಅಂಗಳದಲ್ಲಿ ಎಣ್ಣೆ ಕಲೆ ಕಂಡಿತಾ? ಘಾಟಿ ಇಳಿಯುವ ಮುನ್ನ ಗೇರ್‌ಬಾಕ್ಸ್ ಸೋರಿಕೆ ಮನೆಯಲ್ಲೇ ಹೀಗೆ ನೋಡಿಕೊಳ್ಳಿ

ಮೂಡಿಗೆರೆ, ಕಳಸ ಭಾಗದ ಮನೆಗಳಲ್ಲಿ ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಅಂದ್ರೆ ಬರೀ ಓಡಾಟದ ಗಾಡಿ ಅಲ್ಲ. ಬೆಳಗ್ಗೆ ತೋಟಕ್ಕೆ ಗೊಬ್ಬರ, ಮಧ್ಯಾಹ್ನ ಅಂಗಡಿ ಸಾಮಾನು ಹೊರುವುದು ಅದೇ. ರಾತ್ರಿ ಯಾರಿಗಾದರೂ ಹುಷಾರಿಲ್ಲ ಅಂದ್ರೆ ಚಾರ್ಮಾಡಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಓಡುವುದೂ ಅದರಲ್ಲೇ. ಘಾಟಿಯ ತಿರುವಿನಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಹಿಂದೆ ಬರುವ ಬಸ್ಸು, ಲಾರಿಗಳಿಗೂ ದಾರಿ ಇಲ್ಲ. ಕೆಲವು ಕಡೆ ಫೋನ್ ಮಾಡಲು ನೆಟ್‌ವರ್ಕೂ ಸಿಗಲ್ಲ.

ಎಂಜಿನ್ ಆಯಿಲ್ ಅನ್ನು ಕಡ್ಡಿ ಎಳೆದು ನೋಡುವ ಅಭ್ಯಾಸ ಹೆಚ್ಚಿನವರಿಗೆ ಇದೆ. ಗೇರ್‌ಬಾಕ್ಸ್ ಕಡೆ ನೋಡುವವರು ಕಡಿಮೆ. ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಉರಿದು ಖರ್ಚಾಗಬಹುದು. ಆದರೆ ಗೇರ್‌ಬಾಕ್ಸ್ ಎಣ್ಣೆ ಹಾಗೆ ಖರ್ಚಾಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ರಟ್ಟಿನ ಪರೀಕ್ಷೆ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಬೇಕು. ಗುಡ್ಡದ ಮನೆಗಳಲ್ಲಿ ಅಂಥ ಜಾಗ ಎಂದರೆ ಕಾಫಿ ಒಣಗಿಸುವ ಕಣ. ಆದರೆ ಕಣಕ್ಕೆ ಎಣ್ಣೆ ಬಿದ್ದರೆ ಕಾಫಿಗೆ ವಾಸನೆ ಹಿಡಿಯುತ್ತದೆ. ಹಾಗಾಗಿ ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿ, ಅದರ ಮೇಲೆ ದೊಡ್ಡ ರಟ್ಟು ಹಾಕಿ.

ಮೊದಲು ಅಡಿಭಾಗದ ಕೆಸರು ತೊಳೆದು ಒಣಗಲು ಬಿಡಿ. ನಂತರ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಬಿಸಿಯಾದ ಎಣ್ಣೆ ತೆಳುವಾಗುತ್ತದೆ, ಸಣ್ಣ ಸೋರಿಕೆಯೂ ಕಾಣುತ್ತದೆ. ರಟ್ಟಿನ ಮೇಲೆ ಮುಂದಿನ ಚಕ್ರದ ಜಾಗವನ್ನು ಗುರುತು ಮಾಡಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂದು ನೋಡಿ. ರಟ್ಟಿನ ಫೋಟೊ ತೆಗೆದಿಟ್ಟರೆ ಮೆಕ್ಯಾನಿಕ್‌ಗೆ ತೋರಿಸಲು ಅನುಕೂಲ.

ಯಾವ ಹನಿ ಯಾವುದು?

* ಕೆಂಪು ಅಥವಾ ಕೆಂಪು ಮಿಶ್ರಿತ ಕಂದು, ಜಾರುವ ಎಣ್ಣೆ: ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನದ್ದು ಇರಬಹುದು. ಕೆಲವು ಗಾಡಿಗಳ ಪವರ್ ಸ್ಟೀರಿಂಗ್ ಎಣ್ಣೆಯೂ ಕೆಂಪೇ.
* ಹೊಂಬಣ್ಣ ಅಥವಾ ಕಂದು, ದಪ್ಪ, ಗಂಧಕದಂಥ ಘಾಟು ವಾಸನೆ: ಮ್ಯಾನುವಲ್ ಗೇರ್‌ಬಾಕ್ಸ್, ಫೋರ್‌ವೀಲ್ ಗಾಡಿಯ ಟ್ರಾನ್ಸ್‌ಫರ್ ಕೇಸ್ ಅಥವಾ ಡಿಫರೆನ್ಷಿಯಲ್ ಎಣ್ಣೆ.
* ಕಪ್ಪು: ಹೆಚ್ಚಾಗಿ ಎಂಜಿನ್ ಆಯಿಲ್.
* ತಿಳಿ ಹಳದಿ, ತೀರಾ ತೆಳು: ಬ್ರೇಕ್ ಅಥವಾ ಕ್ಲಚ್ ಆಯಿಲ್. ಇದು ಕಂಡರೆ ಗಾಡಿ ಓಡಿಸಲೇಬೇಡಿ.
* ಹಸಿರು, ಕಿತ್ತಳೆ ಅಥವಾ ಗುಲಾಬಿ ಬಣ್ಣದ ನೀರು, ಸಿಹಿ ವಾಸನೆ: ಕೂಲೆಂಟ್.
* ಬಣ್ಣ, ವಾಸನೆ ಎರಡೂ ಇಲ್ಲದ ನೀರು: ಎಸಿ ನೀರು, ಚಿಂತೆ ಬೇಡ.

ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾದಂಥ ಹಿಂದಿನ ಚಕ್ರ ತಿರುಗುವ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇರುವುದು ಎಂಜಿನ್ ಹಿಂದೆ, ಮುಂದಿನ ಸೀಟುಗಳ ನಡುವಿನ ಅಡಿಯಲ್ಲಿ. ಕ್ರೆಟಾದಂಥ ಗಾಡಿಗಳಲ್ಲಿ ಬಾನೆಟ್ ಒಳಗೇ, ಎಂಜಿನ್ ಪಕ್ಕದಲ್ಲಿ. ಹಿಂದಿನ ಆಕ್ಸಲ್ ಕೆಳಗೆ ಹನಿ ಬಿದ್ದಿದ್ದರೆ ಅದು ಡಿಫರೆನ್ಷಿಯಲ್ ಸೋರಿಕೆ. ಗಾಳಿಗೆ ಎಣ್ಣೆ ಹಿಂದಕ್ಕೆ ಹರಡುತ್ತದೆ. ಆದ್ದರಿಂದ ಒದ್ದೆ ಇರುವ ಜಾಗದಲ್ಲಿ ಅತಿ ಮೇಲಿನ, ಅತಿ ಮುಂದಿನ ಬಿಂದುವೇ ಮೂಲ ಎಂದು ಹುಡುಕಿ.

ಮಲೆನಾಡಿನ ಕಾರಣಗಳು

ತೋಟದ ರಸ್ತೆಯ ಕಲ್ಲು ಗೇರ್‌ಬಾಕ್ಸ್ ಅಡಿಗೆ ಬಡಿಯುವುದು, ಡ್ರೈನ್ ಬೋಲ್ಟಿನ ವಾಷರ್ ಹಳೆಯದಾಗುವುದು, ಶಾಫ್ಟ್‌ನ ಆಯಿಲ್ ಸೀಲ್ ಸವೆಯುವುದು ಸಾಮಾನ್ಯ ಕಾರಣಗಳು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಬ್ರೀದರ್. ಗೇರ್‌ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹೊರಹೋಗುವ ಸಣ್ಣ ಕೊಳವೆ ಇದು. ಕೆಸರು ಕಟ್ಟಿದರೆ ಒಳಗೆ ಒತ್ತಡ ಏರಿ ಸೀಲ್ ಮೂಲಕ ಎಣ್ಣೆ ಹೊರಗೆ ಬರುತ್ತದೆ. ಇಂಥ ಕಡೆ ಸೀಲ್ ಮಾತ್ರ ಬದಲಿಸಿದರೆ ಮತ್ತೆ ಸೋರುತ್ತದೆ.

ಹಳ್ಳದ ನೀರು ದಾಟಿದ ಮೇಲೆ ಎಣ್ಣೆ ಹಾಲು ಬೆರೆತ ಕಾಫಿ ಥರ ಕಂಡರೆ ಒಳಗೆ ನೀರು ಸೇರಿದೆ. ಕೂಡಲೇ ಎಣ್ಣೆ ಬದಲಿಸಬೇಕು.

ಎಣ್ಣೆ ಮಟ್ಟ ನೋಡುವಾಗ

ಹೆಚ್ಚಿನ ಮ್ಯಾನುವಲ್ ಗೇರ್‌ಬಾಕ್ಸ್‌ಗೆ ಪಕ್ಕದಲ್ಲಿ ಫಿಲ್ಲರ್ ಬೋಲ್ಟ್ ಇರುತ್ತದೆ. ಬಿಚ್ಚಿದಾಗ ಎಣ್ಣೆ ತೂತಿನ ಕೆಳಗಿನ ಅಂಚಿನವರೆಗೆ ಇರಬೇಕು. ಎಣ್ಣೆ ಬದಲಿಸುವಾಗಲೂ ಮೊದಲು ಫಿಲ್ಲರ್ ಬಿಚ್ಚಿ, ನಂತರ ಡ್ರೈನ್. ಫಿಲ್ಲರ್ ಜಾಮ್ ಆಗಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಒದ್ದಾಡಬೇಕಾಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ಕಡ್ಡಿ ಇದ್ದರೆ ಪುಸ್ತಕದಲ್ಲಿ ಹೇಳಿದಂತೆ ನೋಡಿ. ಈಗಿನ ಅನೇಕ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ, ಅದು ವರ್ಕ್‌ಶಾಪ್ ಕೆಲಸ. ಸಿಕ್ಕ ಎಣ್ಣೆ ಸುರಿಯಬೇಡಿ. ಪುಸ್ತಕದಲ್ಲಿ ಬರೆದ ಗ್ರೇಡೇ ಬೇಕು.

ಬರೀ ಜ್ಯಾಕ್ ನಂಬಿ ಗಾಡಿ ಅಡಿಗೆ ನುಗ್ಗಲೇಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಸೈಲೆನ್ಸರ್ ಆರಿದ ಮೇಲೆ ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಸಾಕು.

ಯಾವಾಗ ಗಾಡಿ ನಿಲ್ಲಿಸಬೇಕು?

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿದರೂ ಗಾಡಿ ಏರದಿದ್ದರೆ, ಡಿ ಅಥವಾ ಆರ್‌ಗೆ ಹಾಕಿದ ಮೇಲೆ ತಡವಾಗಿ ಎಳೆದರೆ, ಸುಟ್ಟ ವಾಸನೆ ಬಂದರೆ ಏರು ಹತ್ತುವ ಸಾಹಸ ಬೇಡ. ಆಟೊಮ್ಯಾಟಿಕ್ ಮತ್ತು ಫೋರ್‌ವೀಲ್ ಗಾಡಿಗಳನ್ನು ಹಗ್ಗ ಕಟ್ಟಿ ಎಳೆಸಬೇಡಿ. ನಾಲ್ಕೂ ಚಕ್ರ ಮೇಲಿಟ್ಟು ಒಯ್ಯುವ ಲಾರಿ ಕರೆಸಿ. ರಟ್ಟಿನ ಮೇಲೆ ವಾರಕ್ಕೊಂದು ಹನಿ ಆದರೆ ಕಾಯಬಹುದು. ರಾತ್ರಿ ಕಳೆಯುವಷ್ಟರಲ್ಲಿ ಅಂಗೈ ಅಗಲ ಕಲೆಯಾದರೆ ರಿಪೇರಿ ಆಗುವವರೆಗೆ ಘಾಟಿ ಕಡೆ ತಿರುಗಿಸಬೇಡಿ.

ತೆಗೆದ ಹಳೆ ಎಣ್ಣೆಯನ್ನು ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ತುಂಗೆ, ಭದ್ರೆ, ಹೇಮಾವತಿ ಹುಟ್ಟುವ ಜಿಲ್ಲೆ ಇದು. ಇಲ್ಲಿ ಚರಂಡಿಗೆ ಸುರಿದದ್ದು ಕೆಳಗಿನ ಊರಿನವರ ಕುಡಿಯುವ ನೀರಿಗೇ ಸೇರುತ್ತದೆ.